ತಿಂಗಳಿಗೊಂದು ವಿಮಾನ, ಎರಡು ಗಂಟೆ ಹಾರಾಟ

ದಕ್ಷಿಣ ಅಟ್ಲಾಂಟಿಕ್ ಸಾಗರದ ನಡುಮಧ್ಯದಲ್ಲಿ ಎರಡು ದ್ವೀಪಗಳಿವೆ. ಒಂದು ಸೇಂಟ್ ಹೆಲೆನಾ, ಇನ್ನೊಂದು ಅಸೆನ್ಷನ್. ಎರಡೂ ಬ್ರಿಟನ್ನಿನ ಆಡಳಿತಕ್ಕೆ ಸೇರಿದವು. ಸೇಂಟ್ ಹೆಲೆನಾ ಎಂದರೆ ನಮಗೆಲ್ಲ ನೆಪೋಲಿಯನ್ ನೆನಪಾಗುತ್ತಾನೆ. ನಮ್ಮ ಚರಿತ್ರೆ ಪುಸ್ತಕದ ಪಾಠ ಅವನನ್ನು ಆ ದ್ವೀಪದಲ್ಲಿ ಇಳಿಸಿ, ಅಲ್ಲೇ ಸಾಯಿಸಿ ಮುಗಿದುಬಿಡುತ್ತಿತ್ತು. ಆಮೇಲೆ ಅಲ್ಲಿ ಏನಾಯಿತು, ಜನ ಇದ್ದಾರೆಯೇ, ಇದ್ದರೆ ಹೇಗೆ ಓಡಾಡುತ್ತಾರೆ ಎಂದು ಮೇಷ್ಟರೂ ಹೇಳಲಿಲ್ಲ, ನಾವೂ ಕೇಳಲಿಲ್ಲ. ಜನ ಇದ್ದಾರೆ. ಸುಮಾರು 4,400 ಮಂದಿ. ನಮ್ಮಲ್ಲಿ ಒಂದು ದೊಡ್ಡ ಹಳ್ಳಿಯಷ್ಟು. ಅಸೆನ್ಷನ್‌ನಲ್ಲಿ ಇನ್ನೂ ಕಡಿಮೆ, 800ರ ಆಸುಪಾಸು. ಅವರೂ ಅಲ್ಲಿನ ಮೂಲ ನಿವಾಸಿಗಳಲ್ಲ, ಕೆಲಸಕ್ಕೆಂದು ಬಂದವರು. ಕೆಲಸ ಮುಗಿದರೆ ದ್ವೀಪ ಬಿಡಬೇಕು ಎಂಬುದು ಅಲ್ಲಿನ ಕಾನೂನು. ಹಾಗೆ ಬಂದವರಲ್ಲಿ ಬಹುಪಾಲು ಸೇಂಟ್ ಹೆಲೆನಾದವರೇ. ಹೀಗಾಗಿ ಈ ದ್ವೀಪದಲ್ಲಿ ಮಗ, ಆ ದ್ವೀಪದಲ್ಲಿ ತಾಯಿ ಎನ್ನುವಂಥ ಸಂಸಾರಗಳು ಅಲ್ಲಿ ಬೇಕಾದಷ್ಟಿವೆ.

ಈ ಎರಡು ದ್ವೀಪಗಳಲ್ಲೂ ಒಂದೊಂದು ವಿಮಾನ ನಿಲ್ದಾಣವಿದೆ. ಇವೆರಡರ ನಡುವೆ ಎಷ್ಟು ದೂರ, ಹಾರಲು ಎಷ್ಟು ಹೊತ್ತು ಬೇಕು ಎಂಬುದು ಇವತ್ತಿನ ಮಾತು. ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ: ದೂರ 1,300 ಕಿಲೋಮೀಟರ್, ಹೊತ್ತು ಸುಮಾರು ಎರಡು ಗಂಟೆ. ಇಷ್ಟಕ್ಕೇ ಆಗಿದ್ದರೆ ಈ ಭಾಷಣ ಇಲ್ಲಿಗೇ ಮುಗಿಯಬೇಕಿತ್ತು. ಆದರೆ ಈ ಎರಡು ಅಂಕಿಗಳನ್ನು ನಂಬಿ ಯಾರಾದರೂ ಪೆಟ್ಟಿಗೆ ಕಟ್ಟಿದರೆ ಕಷ್ಟಕ್ಕೆ ಸಿಕ್ಕಿಕೊಳ್ಳುತ್ತಾರೆ.

ಮೊದಲು ದೂರದ ಲೆಕ್ಕ. ಇದನ್ನು ನೀವೇ ಮಾಡಬಹುದು, ಒಂದು ಪೆನ್ಸಿಲ್ಲು, ಒಂದು ಚೂರು ಕಾಗದ ಇದ್ದರೆ ಸಾಕು. ಸೇಂಟ್ ಹೆಲೆನಾ ನಿಲ್ದಾಣ ಇರುವುದು ಸಮಭಾಜಕ ವೃತ್ತದಿಂದ ದಕ್ಷಿಣಕ್ಕೆ 15 ಡಿಗ್ರಿ 57 ಮಿನಿಟು ಅಕ್ಷಾಂಶದಲ್ಲಿ, ಗ್ರೀನಿಚ್‌ನಿಂದ ಪಶ್ಚಿಮಕ್ಕೆ 5 ಡಿಗ್ರಿ 39 ಮಿನಿಟು ರೇಖಾಂಶದಲ್ಲಿ. ಅಸೆನ್ಷನ್ ನಿಲ್ದಾಣ 7 ಡಿಗ್ರಿ 58 ಮಿನಿಟು ದಕ್ಷಿಣ, 14 ಡಿಗ್ರಿ 24 ಮಿನಿಟು ಪಶ್ಚಿಮ. ಅಕ್ಷಾಂಶಗಳನ್ನು ಒಂದರಿಂದೊಂದು ಕಳೆಯಿರಿ: 7 ಡಿಗ್ರಿ 59 ಮಿನಿಟು. ಡಿಗ್ರಿಗೆ 60 ಮಿನಿಟು ಎಂದು ಮಿನಿಟಿಗೆ ಇಳಿಸಿದರೆ 479. ಅಕ್ಷಾಂಶದ ಒಂದು ಮಿನಿಟು ಎಂದರೆ ಒಂದು ನಾಟಿಕಲ್ ಮೈಲಿ, ಅಂದರೆ 1,852 ಮೀಟರ್. ನಾವಿಕರ ಮೈಲಿ ನಮ್ಮ ರಸ್ತೆಯ ಮೈಲಿಗಿಂತ ಉದ್ದ ಯಾಕೆ ಎಂದು ಕೇಳುವವರಿಗೆ ಇದೇ ಉತ್ತರ. ಅದನ್ನು ಭೂಮಿಯ ಸುತ್ತಳತೆಯಿಂದಲೇ ತೆಗೆದದ್ದು. ಆದ್ದರಿಂದ ಉತ್ತರಕ್ಕೆ 479 ನಾಟಿಕಲ್ ಮೈಲಿ ಹೋಗಬೇಕು ಎಂದಾಯಿತು.

ಇನ್ನು ರೇಖಾಂಶ. ವ್ಯತ್ಯಾಸ 8 ಡಿಗ್ರಿ 45 ಮಿನಿಟು, ಅಂದರೆ 525 ಮಿನಿಟು. ಇಲ್ಲಿ ಮಾತ್ರ ಸ್ವಲ್ಪ ಜಾಗ್ರತೆ ಬೇಕು. ರೇಖಾಂಶದ ಗೆರೆಗಳು ಮೂಸಂಬಿಯ ತೊಳೆಗಳ ಹಾಗೆ ನಡುವಿನಲ್ಲಿ ಅಗಲವಾಗಿದ್ದು ತುದಿಗಳಲ್ಲಿ ಕೂಡಿಕೊಳ್ಳುತ್ತವೆ. ಈ ದ್ವೀಪಗಳು ಸಮಭಾಜಕಕ್ಕೆ ಹತ್ತಿರವೇ ಇರುವುದರಿಂದ ಅಗಲ ಹೆಚ್ಚೇನೂ ಕುಗ್ಗಿಲ್ಲ. ನೂರಕ್ಕೆ ಎರಡು ಪಾಲಿಗಿಂತ ಚೂರು ಹೆಚ್ಚು ತೆಗೆದರೆ ಸಾಕು. ಪಶ್ಚಿಮಕ್ಕೆ ಸುಮಾರು 513 ನಾಟಿಕಲ್ ಮೈಲಿ. ಉತ್ತರಕ್ಕೊಂದು ಬಾಹು, ಪಶ್ಚಿಮಕ್ಕೊಂದು ಬಾಹು. ನಮಗೆ ಬೇಕಾದದ್ದು ಕರ್ಣ. ಹೈಸ್ಕೂಲಿನ ಪೈಥಾಗೊರಸ್ ಪ್ರಮೇಯ ಕಡೆಗೂ ಒಂದು ಕೆಲಸಕ್ಕೆ ಬಂತು. ಉತ್ತರ 702 ನಾಟಿಕಲ್ ಮೈಲಿ. 1,852ರಿಂದ ಗುಣಿಸಿದರೆ 1,300 ಕಿಲೋಮೀಟರ್. ಭೂಮಿ ಚಪ್ಪಟೆಯಲ್ಲವಲ್ಲ, ಈ ತ್ರಿಕೋನ ಸರಿಯೇ ಎಂದು ಆಕ್ಷೇಪ ಬರಬಹುದು. ಬೆಂಗಳೂರಿನಿಂದ ಲಂಡನ್‌ಗೆ ಇದೇ ರೀತಿ ಲೆಕ್ಕ ಹಾಕಿದರೆ ಖಂಡಿತ ತಪ್ಪಾಗುತ್ತದೆ. ಇಷ್ಟು ಚಿಕ್ಕ ದೂರಕ್ಕೆ, ಅದೂ ಉಷ್ಣವಲಯದಲ್ಲಿ, ಒಂದೆರಡು ಕಿಲೋಮೀಟರಿಗಿಂತ ಹೆಚ್ಚು ವ್ಯತ್ಯಾಸ ಬರುವುದಿಲ್ಲ.

ಇವತ್ತು ಐದು ನಿಮಿಷದಲ್ಲಿ ಮುಗಿಯುವ ಈ ಲೆಕ್ಕ ಒಂದು ಕಾಲಕ್ಕೆ ಯಾರಿಂದಲೂ ಆಗುತ್ತಿರಲಿಲ್ಲ. ಅಕ್ಷಾಂಶ ಸುಲಭ, ಮಧ್ಯಾಹ್ನದ ಸೂರ್ಯನ ಎತ್ತರ ಅಳೆದರೆ ಸಿಕ್ಕಿತು. ರೇಖಾಂಶ ಹಾಗಲ್ಲ. ಸಮುದ್ರದ ನಡುವೆ ಹಡಗು ಪೂರ್ವ–ಪಶ್ಚಿಮವಾಗಿ ಎಲ್ಲಿದೆ ಎಂದು ತಿಳಿಯದೆ ಎಷ್ಟೋ ಹಡಗುಗಳು ಬಂಡೆಗೆ ಬಡಿದು ಮುಳುಗಿವೆ. 1761ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿ ನೆವಿಲ್ ಮ್ಯಾಸ್ಕೆಲಿನ್ ಎಂಬ ಖಗೋಳಜ್ಞನನ್ನು ಸೇಂಟ್ ಹೆಲೆನಾಕ್ಕೆ ಕಳಿಸಿತು. ಶುಕ್ರಗ್ರಹ ಸೂರ್ಯಬಿಂಬವನ್ನು ದಾಟಿಹೋಗುವುದನ್ನು ನೋಡಿ ದಾಖಲಿಸುವ ಕೆಲಸ. ಅಷ್ಟು ದೂರ ಹೋದವನಿಗೆ ಆ ದಿನ ಮೋಡ ಮುಚ್ಚಿಕೊಂಡಿತು. ಆದರೆ ಹಡಗಿನಲ್ಲಿ ಅವನು ಸುಮ್ಮನೆ ಕೂತಿರಲಿಲ್ಲ. ಚಂದ್ರನಿಗೂ ಸೂರ್ಯನಿಗೂ, ಚಂದ್ರನಿಗೂ ಗೊತ್ತಾದ ಒಂದು ನಕ್ಷತ್ರಕ್ಕೂ ನಡುವಿನ ಕೋನ ಅಳೆದು ರೇಖಾಂಶ ಕಂಡುಹಿಡಿಯುವ ವಿಧಾನವನ್ನು ದಾರಿಯುದ್ದಕ್ಕೂ ಅಭ್ಯಾಸ ಮಾಡಿದ. ಎರಡು ವರ್ಷದ ಮೇಲೆ ನಾವಿಕರಿಗಾಗಿ ಅದನ್ನು ಪುಸ್ತಕವಾಗಿಯೂ ಬರೆದ. ಸೇಂಟ್ ಹೆಲೆನಾದ ಅಕ್ಷಾಂಶದಲ್ಲಿ ರೇಖಾಂಶ ಒಂದು ಡಿಗ್ರಿ ತಪ್ಪಿದರೆ 107 ಕಿಲೋಮೀಟರ್ ಆಚೀಚೆಯಾಗುತ್ತದೆ. ಸೇಂಟ್ ಹೆಲೆನಾ ಒಟ್ಟು ಇರುವುದೇ 122 ಚದರ ಕಿಲೋಮೀಟರ್. ಮಸುಕು ಹವೆಯಲ್ಲಿ ದ್ವೀಪ ಕಣ್ಣಿಗೇ ಬೀಳದೆ ಹಡಗು ಮುಂದೆ ಹೋಗಿಬಿಡಬಹುದು.

ಆ ಹಡಗುಗಳು ಯಾರವು ಎಂದು ಕೇಳಿದರೆ ನಮ್ಮ ಕಡೆಗೂ ಒಂದು ಎಳೆ ಬರುತ್ತದೆ. 1659ರಿಂದ 1834ರವರೆಗೆ ಸೇಂಟ್ ಹೆಲೆನಾ ಈಸ್ಟ್ ಇಂಡಿಯಾ ಕಂಪನಿಯ ಕೈಯಲ್ಲಿತ್ತು. ಭಾರತದಿಂದ ಸರಕು ತುಂಬಿಕೊಂಡು ಇಂಗ್ಲೆಂಡಿಗೆ ಮರಳುವ ಹಡಗುಗಳು ನೀರು, ತರಕಾರಿ, ಮಾಂಸ ತುಂಬಿಕೊಳ್ಳಲು ಅಲ್ಲಿ ತಂಗುತ್ತಿದ್ದವು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಅಲ್ಲಿನ ಅಧಿಕಾರ ವಹಿಸಿಕೊಂಡು ದರಿಯಾ ದೌಲತ್‌ನಲ್ಲಿ ವಾಸವಿದ್ದ ಆರ್ಥರ್ ವೆಲ್ಲೆಸ್ಲಿ, 1805ರಲ್ಲಿ ಊರಿಗೆ ಮರಳುವಾಗ ಸೇಂಟ್ ಹೆಲೆನಾದಲ್ಲಿ ಇಳಿದು ಬ್ರೈಯರ್ಸ್ ಎಂಬ ಮನೆಯಲ್ಲಿ ಉಳಿದುಕೊಂಡಿದ್ದ. ಹತ್ತು ವರ್ಷ ಕಳೆಯಿತು. ವಾಟರ್ಲೂನಲ್ಲಿ ಅದೇ ವೆಲ್ಲೆಸ್ಲಿ, ಅಷ್ಟು ಹೊತ್ತಿಗೆ ಡ್ಯೂಕ್ ಆಫ್ ವೆಲ್ಲಿಂಗ್ಟನ್, ನೆಪೋಲಿಯನ್ನನನ್ನು ಸೋಲಿಸಿದ. ಸೋತವನನ್ನು ತಂದು ಸೇಂಟ್ ಹೆಲೆನಾದಲ್ಲಿ ಇಳಿಸಿದಾಗ ಅವನ ಮೊದಲ ದಿನಗಳ ಬಿಡಾರವೂ ಅದೇ ಬ್ರೈಯರ್ಸ್ ಆಯಿತು.

ಅಸೆನ್ಷನ್‌ಗೆ ಜನ ಬಂದದ್ದೂ ನೆಪೋಲಿಯನ್ನನ ದೆಸೆಯಿಂದಲೇ. ಅಲ್ಲಿಯವರೆಗೆ ಅದು ಬರಿ ಬೂದಿ, ಕರಿಕಲ್ಲು, ಆಮೆ, ಹಕ್ಕಿಗಳ ದ್ವೀಪ. 1815ರ ಅಕ್ಟೋಬರಿನಲ್ಲಿ ನೆಪೋಲಿಯನ್ ಸೇಂಟ್ ಹೆಲೆನಾ ತಲುಪಿದ. ಅದೇ ತಿಂಗಳು ಬ್ರಿಟಿಷ್ ನೌಕಾಪಡೆ ಅಸೆನ್ಷನ್‌ನಲ್ಲಿ ಕಾವಲು ಕೂರಿಸಿತು. ಫ್ರೆಂಚರು ಅಲ್ಲಿ ಬೀಡುಬಿಟ್ಟು ಅವನನ್ನು ಬಿಡಿಸಿಕೊಂಡು ಹೋದಾರು ಎಂಬ ಭಯ. 1,300 ಕಿಲೋಮೀಟರ್ ದೂರದ ಒಂದು ಬೋಳು ಗುಡ್ಡವನ್ನು ಸೆರೆಮನೆಯ ಪಕ್ಕದ ಓಣಿ ಎಂದು ಲೆಕ್ಕ ಹಾಕಿದರಲ್ಲ, ಆ ಭಯ ಎಂಥದ್ದಿರಬೇಕು! ತಮಾಷೆಯೆಂದರೆ ಗಾಳಿಯ ಲೆಕ್ಕದಲ್ಲಿ ಈ ಎಚ್ಚರಿಕೆ ಅಷ್ಟೇನೂ ಬೇಕಿರಲಿಲ್ಲ. ಅಲ್ಲಿ ವರ್ಷವಿಡೀ ಆಗ್ನೇಯದಿಂದ ವಾಯವ್ಯಕ್ಕೆ ವಾಣಿಜ್ಯ ಮಾರುತ ಬೀಸುತ್ತದೆ. ಸೇಂಟ್ ಹೆಲೆನಾದಿಂದ ಅಸೆನ್ಷನ್‌ಗೆ ಹಾಯಿ ಬಿಚ್ಚಿದರೆ ಹಡಗು ತಾನಾಗಿ ಹೋಗುತ್ತದೆ. ಅಸೆನ್ಷನ್‌ನಿಂದ ಸೇಂಟ್ ಹೆಲೆನಾಕ್ಕೆ ಬರಬೇಕಾದರೆ ಗಾಳಿಗೆದುರಾಗಿ ಅಡ್ಡಡ್ಡ ತಿರುಗುತ್ತ ಹೆಣಗಾಡಬೇಕು. ದೂರ ಒಂದೇ; ಹೋಗುವ ಹೊತ್ತು ಬೇರೆ, ಬರುವ ಹೊತ್ತು ಬೇರೆ.

ಈಗ ವಿಮಾನದ ಹೊತ್ತು ನೋಡೋಣ. ಈ ದಾರಿಯಲ್ಲಿ ಹಾರುವುದು ದಕ್ಷಿಣ ಆಫ್ರಿಕಾದ ಏರ್‌ಲಿಂಕ್ ಕಂಪನಿಯ ಎಂಬ್ರೇಯರ್ 190 ಎಂಬ ಜೆಟ್ ವಿಮಾನ. ಎರಡು ಎಂಜಿನ್, ನೂರರ ಹತ್ತಿರ ಆಸನ. ಎತ್ತರಕ್ಕೇರಿದ ಮೇಲೆ ಇದರ ವೇಗ ಗಂಟೆಗೆ ಸುಮಾರು 830 ಕಿಲೋಮೀಟರ್. 1,300ನ್ನು 830ರಿಂದ ಭಾಗಿಸಿದರೆ ಒಂದು ಗಂಟೆ 34 ನಿಮಿಷ. ಆದರೆ ಆಗುವುದು ಸುಮಾರು ಎರಡು ಗಂಟೆ. ಉಳಿದ ನಿಮಿಷ ಎಲ್ಲಿ ಹೋಯಿತು? ಹತ್ತುವುದರಲ್ಲಿ, ಇಳಿಯುವುದರಲ್ಲಿ. ಹನ್ನೊಂದು ಕಿಲೋಮೀಟರ್ ಎತ್ತರ ಮುಟ್ಟಲು 20–25 ನಿಮಿಷ ಬೇಕು. ಅಷ್ಟರಲ್ಲಿ ಮುಂದಕ್ಕೆ ಸಾಗಿದ್ದು ಇನ್ನೂರು ಚಿಲ್ಲರೆ ಕಿಲೋಮೀಟರ್. ಇಳಿಯಲು ಅರ್ಧ ಗಂಟೆ. ಪೂರ್ತಿ ವೇಗದಲ್ಲಿ ಓಡುವುದು ನಡುವಿನ ಎಂಟುನೂರು ಕಿಲೋಮೀಟರಿನಲ್ಲಿ ಮಾತ್ರ. ವೇಳಾಪಟ್ಟಿಯಲ್ಲಿ ಅಚ್ಚಾಗುವ ಹೊತ್ತು ಇನ್ನೂ ಬೇರೆ. ಅದು ವಿಮಾನ ನಿಂತ ಜಾಗದಿಂದ ಕದಲಿದ ಗಳಿಗೆಯಿಂದ ಆ ಕಡೆ ಹೋಗಿ ನಿಲ್ಲುವ ಗಳಿಗೆಯವರೆಗಿನದು. ದಾರಿ ಚಿಕ್ಕದಾದಷ್ಟೂ ಈ ಮೇಲುಖರ್ಚು ಎದ್ದು ಕಾಣುತ್ತದೆ. ಸ್ಕಾಟ್ಲೆಂಡಿನ ಉತ್ತರಕ್ಕಿರುವ ಆರ್ಕ್ನಿ ದ್ವೀಪಗಳಲ್ಲಿ ವೆಸ್ಟ್ರೇಯಿಂದ ಪಾಪಾ ವೆಸ್ಟ್ರೇಗೆ ಹಾರುವ ಪುಟ್ಟ ವಿಮಾನದ ದಾರಿ ಬರಿ 2.7 ಕಿಲೋಮೀಟರ್, ವೇಳಾಪಟ್ಟಿಯಲ್ಲಿ ಎರಡು ನಿಮಿಷ. ಭಾಗಿಸಿ ನೋಡಿದರೆ ಗಂಟೆಗೆ 81 ಕಿಲೋಮೀಟರ್. ನಮ್ಮ ಹೆದ್ದಾರಿಯ ಬಸ್ಸಿನ ವೇಗ.

ಮೇಲಿನ ಗಾಳಿಯೂ ಒಂದಿಷ್ಟು ಹೊತ್ತು ಕಳೆಯುತ್ತದೆ, ಇಲ್ಲವೆ ಕೂಡಿಸುತ್ತದೆ. ಲಂಡನ್ನಿಗೆ ಹೋಗಿಬಂದವರಿಗೆ ಗೊತ್ತು, ಹೋಗುವಾಗಿನ ಹಾರಾಟ ಬರುವಾಗಿನದಕ್ಕಿಂತ ದೀರ್ಘ. ಈ ಎರಡು ದ್ವೀಪಗಳ ನಡುವೆ ಅದು ಐದೋ ಆರೋ ನಿಮಿಷದ ಮಾತು. ಇನ್ನೊಂದು ಅನುಕೂಲವೂ ಇದೆ: ಎರಡೂ ಕಡೆ ಗಡಿಯಾರ ಒಂದೇ, ಗ್ರೀನಿಚ್ ಸಮಯ. ಹೊರಟ ವೇಳೆಗೆ ಹಾರಿದ ಹೊತ್ತು ಕೂಡಿಸಿದರೆ ತಲುಪುವ ವೇಳೆ. ಜೊಹಾನ್ಸ್‌ಬರ್ಗ್‌ನಿಂದ ಬರುವವರಿಗೆ ಹಾಗಲ್ಲ. ಅಲ್ಲಿನ ಗಡಿಯಾರ ಎರಡು ಗಂಟೆ ಮುಂದೆ. ಟಿಕೆಟ್ಟಿನ ಮೇಲಿನ ಎರಡು ವೇಳೆಗಳನ್ನು ಕಳೆದು ನೋಡಿ, ಇಷ್ಟೇ ಹೊತ್ತೇ ಎಂದು ಖುಷಿಪಟ್ಟವರು ಆಮೇಲೆ ಕಾಲು ಜೋಮು ಹಿಡಿಸಿಕೊಳ್ಳುತ್ತಾರೆ.

ಇಲ್ಲಿಯವರೆಗೆ ಹೇಳಿದ್ದೆಲ್ಲ ನಮ್ಮ ದೇಶದ ಯಾವುದೇ ಎರಡು ಊರಿಗೂ ಹೊಂದುತ್ತದೆ. ಬೆಂಗಳೂರಿನಿಂದ ಉದಯಪುರಕ್ಕೂ ಹೆಚ್ಚು ಕಡಿಮೆ ಇಷ್ಟೇ ದೂರ. ಆ ದಾರಿಯಲ್ಲಿ ಎಂಜಿನ್ ಒಂದು ಕೆಮ್ಮಿತು ಅನ್ನಿ, ಅಥವಾ ಪ್ರಯಾಣಿಕರೊಬ್ಬರಿಗೆ ಎದೆನೋವು ಬಂತು ಅನ್ನಿ. ಬಲಕ್ಕೂ ಎಡಕ್ಕೂ ಹೈದರಾಬಾದು, ಕಲಬುರಗಿ, ಸೊಲ್ಲಾಪುರ, ಪುಣೆ, ಔರಂಗಾಬಾದು, ಇಂದೋರು ಎಂದು ಓಡುದಾರಿಗಳ ಸಾಲೇ ಇದೆ. ಎಲ್ಲಿ ಬೇಕಾದರೂ ಇಳಿಸಬಹುದು. ಸೇಂಟ್ ಹೆಲೆನಾದಿಂದ ಅಸೆನ್ಷನ್‌ಗೆ ಹೋಗುವ ವಿಮಾನಕ್ಕೆ ಅಡಿಯಲ್ಲಿ ನೀರು, ಮುಂದೆ ನೀರು, ಹಿಂದೆ ನೀರು. ಇಳಿಯಬಹುದಾದ ಜಾಗ ಎರಡೇ: ಬಿಟ್ಟು ಬಂದದ್ದು, ಹೋಗಬೇಕಾದದ್ದು.

ದೂರದ ನಿಲ್ದಾಣಗಳ ಕಷ್ಟ ಇರುವುದೇ ಇಲ್ಲಿ. ಪೈಲಟ್ಟಿಗೆ ತಲುಪುವ ಊರಿನ ದೂರ ಅರ್ಧ ಲೆಕ್ಕ ಮಾತ್ರ. ಅಲ್ಲಿ ಇಳಿಯಲಾಗದಿದ್ದರೆ ಮುಂದೆಲ್ಲಿ ಎಂಬುದು ಉಳಿದರ್ಧ. ಅಂತರರಾಷ್ಟ್ರೀಯ ನಿಯಮದಲ್ಲಿ ಇದಕ್ಕೆ ಎರಡು ದಾರಿಗಳಿವೆ. ಒಂದೋ, ಹೋಗಿ, ಇಳಿಯಲು ನೋಡಿ, ಆಗದೆ ಮತ್ತೊಂದು ನಿಲ್ದಾಣ ಮುಟ್ಟುವಷ್ಟು ಇಂಧನ ಇಟ್ಟುಕೊಳ್ಳಬೇಕು. ಅಂಥ ಇನ್ನೊಂದು ನಿಲ್ದಾಣ ಹತ್ತಿರದಲ್ಲೆಲ್ಲೂ ಇಲ್ಲವೆಂದರೆ, ದ್ವೀಪದ ಮೇಲೆಯೇ ಎರಡು ಗಂಟೆ ಕಾಲ ಹಾರಬಲ್ಲಷ್ಟು ಇಂಧನ ಹೆಚ್ಚಿಗೆ ಇರಬೇಕು, ಮಂಜು ಸರಿಯುವುದನ್ನು ಕಾಯುವುದಕ್ಕೆ. ಜತೆಗೆ, ದಾರಿಯಲ್ಲಿ ಒಂದು ಬಿಂದುವನ್ನು ಮೊದಲೇ ಗುರುತು ಹಾಕಿಕೊಂಡಿರುತ್ತಾರೆ. ಅದನ್ನು ದಾಟಿದ ಮೇಲೆ ಹಿಂದಕ್ಕೆ ಬರುವಷ್ಟು ಇಂಧನ ಉಳಿದಿರುವುದಿಲ್ಲ. ಅಲ್ಲಿಗೆ ಬರುವ ಮುನ್ನ ದ್ವೀಪದ ಹವಾಮಾನವನ್ನು ರೇಡಿಯೋದಲ್ಲಿ ಕೇಳಿ, ಮುಂದೆ ಹೋಗುವುದೋ ತಿರುಗುವುದೋ ಎಂದು ತೀರ್ಮಾನಿಸಬೇಕು.

ಜೊಹಾನ್ಸ್‌ಬರ್ಗ್‌ನಿಂದ ಸೇಂಟ್ ಹೆಲೆನಾಕ್ಕೆ 3,700 ಕಿಲೋಮೀಟರ್. ಎಂಬ್ರೇಯರ್ ಒಮ್ಮೆಗೆ 4,500 ಕಿಲೋಮೀಟರಿನಷ್ಟು ಹಾರಬಲ್ಲದು. ಅಂದ ಮೇಲೆ ಸಲೀಸಾಗಿ ಮುಟ್ಟುತ್ತದೆ ಎನ್ನಿಸುತ್ತದೆ. ಆದರೆ ದ್ವೀಪದಲ್ಲಿ ಇಳಿಯಲಾಗಲಿಲ್ಲ ಎಂದಿಟ್ಟುಕೊಳ್ಳಿ. ನಮೀಬಿಯಾದ ವಾಲ್ವಿಸ್ ಬೇಗೆ ಮರಳಬೇಕೆಂದರೆ ಇನ್ನೂ 2,260 ಕಿಲೋಮೀಟರ್. ಒಟ್ಟು ಸುಮಾರು ಆರು ಸಾವಿರ. ಲೆಕ್ಕ ಕೂಡಿ ಬರುವುದಿಲ್ಲ. ಅದಕ್ಕೇ ವಿಮಾನ ಹೋಗುವಾಗ ನಮೀಬಿಯಾದಲ್ಲಿ ಇಳಿದು ಇಂಧನ ತುಂಬಿಸಿಕೊಳ್ಳುತ್ತದೆ. ಮೊದಲು ವಿಂಡ್‌ಹುಕ್‌ನಲ್ಲಿ ಇಳಿಯುತ್ತಿತ್ತು, ಆಮೇಲೆ ಕರಾವಳಿಯ ವಾಲ್ವಿಸ್ ಬೇಯಲ್ಲಿ. ಅಲ್ಲಿಂದ ಹೋಗಿ ಬರಿಗೈಯಲ್ಲಿ ವಾಪಸಾದರೂ 4,520 ಕಿಲೋಮೀಟರ್! ವಿಮಾನ ಹಗುರವಿದ್ದರೆ ಮಾತ್ರ ಇದು ಸಾಧ್ಯ. ಹಾಗಾಗಿ ಎಲ್ಲ ಆಸನಗಳನ್ನೂ ತುಂಬಿಸುವಂತಿರಲಿಲ್ಲ. ದ್ವೀಪದಿಂದ ಹಿಂತಿರುಗುವಾಗ ಈ ರಗಳೆಯಿಲ್ಲ. ಜೊಹಾನ್ಸ್‌ಬರ್ಗ್ ಸುತ್ತಮುತ್ತ ಬೇಕಾದಷ್ಟು ಓಡುದಾರಿಗಳಿವೆ. ನಿಲ್ಲದೆ ಹೋಗಲು ಅಡ್ಡಿಯಿಲ್ಲ. ಹಾಯಿ ಹಡಗಿನ ಕಾಲದಲ್ಲಿ ಗಾಳಿಯಿಂದ ಬಂದ ವ್ಯತ್ಯಾಸ ಈಗ ಇಂಧನದ ಲೆಕ್ಕದಿಂದ ಬರುತ್ತಿದೆ.

ಸೇಂಟ್ ಹೆಲೆನಾದಲ್ಲಿ ಇಳಿಯಲಾಗದ ದಿನಗಳು ಬರಿ ಊಹೆಯಲ್ಲ. ಆ ನಿಲ್ದಾಣದ ಕತೆಯೇ ಅಂಥದ್ದು. ದ್ವೀಪವೆಲ್ಲ ಕಡಿದಾದ ಬೆಟ್ಟ. ಸಪಾಟು ಜಾಗ ಎಂದರೆ ಪೂರ್ವದ ಅಂಚಿನಲ್ಲಿ ಪ್ರಾಸ್ಪರಸ್ ಬೇ ಎಂಬ ಒಣ ಬಯಲು ಒಂದೇ. ಅದೂ ಸಾಲದೆ, ಪಕ್ಕದ ಆಳ ಕಣಿವೆಯೊಂದಕ್ಕೆ ಸುಮಾರು 80 ಲಕ್ಷ ಘನ ಮೀಟರ್ ಕಲ್ಲುಮಣ್ಣು ತುಂಬಿ ಓಡುದಾರಿಯನ್ನು ಅದರ ಮೇಲೆ ಎಳೆದರು. ಖರ್ಚು 28 ಕೋಟಿ 50 ಲಕ್ಷ ಪೌಂಡು. 2016ರ ಮೇ ತಿಂಗಳಲ್ಲಿ ಉದ್ಘಾಟನೆ ಎಂದು ಗೊತ್ತುಮಾಡಿದ್ದರು. ಏಪ್ರಿಲ್‌ನಲ್ಲಿ ಪರೀಕ್ಷೆಗೆಂದು ಬಂದ ಬೋಯಿಂಗ್ 737 ವಿಮಾನ ಓಡುದಾರಿಯ ಹತ್ತಿರ ಬರುತ್ತಿದ್ದಂತೆ ಗಾಳಿ ಅದನ್ನು ಹಿಡಿದು ಕುಲುಕಿಬಿಟ್ಟಿತು. ಆಗ್ನೇಯದ ಗಾಳಿ ಸುಮಾರು ಮುನ್ನೂರು ಮೀಟರ್ ಎತ್ತರದ ಬಂಡೆಗೋಡೆಗೆ ಬಡಿದು ಮೇಲೆದ್ದು, ತುದಿ ದಾಟಿ ಸುರುಳಿ ಸುತ್ತಿಕೊಳ್ಳುತ್ತದೆ. ಇಳಿಯುವ ವಿಮಾನಕ್ಕೆ ಒಂದು ಕ್ಷಣ ಎದುರುಗಾಳಿ, ಮರುಕ್ಷಣ ಹಿಂಗಾಳಿ. ಉದ್ಘಾಟನೆ ಮುಂದಕ್ಕೆ ಹೋಯಿತು. ವಿಮಾನವೇ ಇಳಿಯದ ವಿಮಾನ ನಿಲ್ದಾಣ ಎಂದು ಬ್ರಿಟನ್ನಿನ ಪತ್ರಿಕೆಗಳು ಸಾಕಷ್ಟು ಗೇಲಿ ಮಾಡಿದವು.

ಇದು ಯಾರಿಗೂ ಗೊತ್ತಿರದ ಗಾಳಿಯೇನಲ್ಲ. ಚಾರ್ಲ್ಸ್ ಡಾರ್ವಿನ್ 1836ರಲ್ಲಿ ಬೀಗಲ್ ಹಡಗಿನಿಂದ ಇಳಿದು ಈ ದ್ವೀಪ ಸುತ್ತಿದವನು. ಸಾವಿರ ಅಡಿ ಎತ್ತರದ ಬಂಡೆಯ ತುದಿಯ ಬಯಲಿನಲ್ಲಿ ನಿಂತಿದ್ದಾನೆ; ಕೆಲವೇ ಗಜದಾಚೆ ಕಡಲಹಕ್ಕಿಗಳು ಬಿರುಗಾಳಿಗೆ ಎದುರಾಗಿ ಒದ್ದಾಡುತ್ತಿವೆ, ಇವನು ನಿಂತಲ್ಲಿ ಎಲೆಯೂ ಅಲುಗದಷ್ಟು ನಿಶ್ಚಲ. ಅಂಚಿಗೆ ಹೋಗಿ ಕೈ ಹೊರಕ್ಕೆ ಚಾಚಿದರೆ ಗಾಳಿ ಕೈಗೆ ಅಪ್ಪಳಿಸುತ್ತದೆ. ಜೋರು ಗಾಳಿಗೂ ಸ್ತಬ್ಧ ಗಾಳಿಗೂ ನಡುವೆ ಎರಡೇ ಗಜದ ಅಂತರ ಎಂದು ಅವನು ತನ್ನ ಪ್ರವಾಸದ ಪುಸ್ತಕದಲ್ಲಿ ಬರೆದಿಟ್ಟಿದ್ದಾನೆ. ಕೋಟಿಗಟ್ಟಲೆ ಖರ್ಚು ಮಾಡುವ ಮೊದಲು ಆ ಪುಟವನ್ನು ತೆರೆದು ನೋಡಿದ್ದರೆ ಏನಾಗುತ್ತಿತ್ತೋ! ಎಂಜಿನಿಯರುಗಳು ಗಾಳಿ ಅಳೆಯಲಿಲ್ಲ ಎಂದು ನಾನು ಹೇಳುತ್ತಿಲ್ಲ. ಆದರೂ ಕೈ ಚಾಚಿ ನೋಡಿದವನ ಮಾತಿಗೆ ಬೇರೆಯದೇ ತೂಕವಿದೆ.

ಕೊನೆಗೆ ದೊಡ್ಡ ಬೋಯಿಂಗ್ ಬಿಟ್ಟು ಚಿಕ್ಕ ಎಂಬ್ರೇಯರ್ ತಂದರು. 2017ರ ಅಕ್ಟೋಬರ್ 14ರಂದು ಮೊದಲ ಬಾರಿಗೆ ವೇಳಾಪಟ್ಟಿಯ ವಿಮಾನ ಸೇಂಟ್ ಹೆಲೆನಾದಲ್ಲಿ ಇಳಿಯಿತು. ಅದೇ ವರ್ಷದ ಕೊನೆಗೆ ಅಸೆನ್ಷನ್ ಹಾರಾಟವೂ ಶುರುವಾಯಿತು. ಅಲ್ಲಿಯವರೆಗೆ ದ್ವೀಪದವರಿಗೆ ಇದ್ದದ್ದು ಒಂದೇ ಹಡಗು, ಅದರ ಹೆಸರೂ ಸೇಂಟ್ ಹೆಲೆನಾ. ಗಂಟೆಗೆ 15 ನಾಟಿಕಲ್ ಮೈಲಿ ವೇಗದಲ್ಲಿ ಅಸೆನ್ಷನ್‌ಗೆ 47 ಗಂಟೆ, ಅಂದರೆ ಎರಡು ರಾತ್ರಿ. ಕೇಪ್‌ಟೌನಿಗೆ ಐದು ದಿನ. ದ್ವೀಪದ ಆಸ್ಪತ್ರೆಯಲ್ಲಿ ಆಗದ ಕಾಯಿಲೆ ಬಂದರೆ ಆ ಐದು ದಿನವೂ ಜೀವ ಹಿಡಿದುಕೊಂಡಿರಬೇಕು. ಅದಕ್ಕೂ ಮುಂಚೆ, ಹಡಗು ಬಂದರಿನಲ್ಲಿರಬೇಕು. ಈಗ ಕಾಯಿಲೆಯವರನ್ನು ಕರೆದೊಯ್ಯಲು ದಕ್ಷಿಣ ಆಫ್ರಿಕಾದಿಂದ ಪುಟ್ಟ ಜೆಟ್ ಬರುತ್ತದೆ. ನಿಲ್ದಾಣಕ್ಕೆ ಸುರಿದ ಹಣ ದಂಡ ಎನ್ನುವವರು ಈ ಒಂದು ಸಂಗತಿಗೆ ಉತ್ತರ ಹೇಳಬೇಕಾಗುತ್ತದೆ. ಹಡಗು 2018ರ ಫೆಬ್ರವರಿಯಲ್ಲಿ ಕೊನೆಯ ಪ್ರಯಾಣ ಮುಗಿಸಿತು.

ಅಸೆನ್ಷನ್ ನಿಲ್ದಾಣದ ಸ್ವಭಾವವೇ ಬೇರೆ. ಅದು ಯುದ್ಧದ ಕೂಸು. 1942ರಲ್ಲಿ ಅಮೆರಿಕದ ಸೇನೆಯ ಎಂಜಿನಿಯರುಗಳು ಲಾವಾ ಬಂಡೆಗಳನ್ನು ಸಿಡಿಸಿ ಕೆಲವೇ ತಿಂಗಳಲ್ಲಿ ಓಡುದಾರಿ ಮಾಡಿದರು. ಬ್ರೆಜಿಲಿನ ನಟಾಲ್‌ನಿಂದ 2,300 ಕಿಲೋಮೀಟರ್ ಹಾರಿ ಇಲ್ಲಿ ಇಳಿದು ಇಂಧನ ತುಂಬಿಸಿಕೊಂಡು, ಇನ್ನೂ 2,200 ಕಿಲೋಮೀಟರ್ ಹಾರಿದರೆ ಆಫ್ರಿಕಾದ ಅಕ್ರಾ. ಅಲ್ಲಿಂದ ಮುಂದೆ ಈಜಿಪ್ಟ್, ಕರಾಚಿ, ಭಾರತ, ಚೀನಾ. ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ ಆ ಕಾಲದಲ್ಲಿ ಅಮೆರಿಕದ ಯುದ್ಧವಿಮಾನಗಳ ರಿಪೇರಿಗೆ ನಿಂತಿತ್ತು. ಅಲ್ಲಿ ಎಂಜಿನ್ ಬಿಚ್ಚಿಸಿಕೊಂಡ ವಿಮಾನಗಳಲ್ಲಿ ಕೆಲವಾದರೂ ಅಸೆನ್ಷನ್ನಿನ ಧೂಳು ಕುಡಿದೇ ಬಂದಿದ್ದವು ಎಂದರೆ ಅತಿಶಯವಾಗಲಾರದು. 88 ಚದರ ಕಿಲೋಮೀಟರಿನ ಚುಕ್ಕೆಯನ್ನು ಗುರಿಯಿಟ್ಟು ಎರಡು ಸಾವಿರ ಕಿಲೋಮೀಟರ್ ಹಾರುವುದು ಆಗಿನ ಉಪಕರಣಗಳಿಗೆ ಚಿಕ್ಕ ಕೆಲಸವಲ್ಲ. ದ್ವೀಪ ತಪ್ಪಿದರೆ ಹೆಂಡತಿಗೆ ಪಿಂಚಣಿ ಗ್ಯಾರಂಟಿ ಎಂದು ಪೈಲಟ್ಟುಗಳು ತಮ್ಮತಮ್ಮಲ್ಲೇ ನಗೆಯಾಡುತ್ತಿದ್ದರಂತೆ.

ಆ ಓಡುದಾರಿಗೆ ಗಾಳಿಗಿಂತ ಹಕ್ಕಿಗಳ ಕಾಟ ಹೆಚ್ಚಾಗಿತ್ತು. ದ್ವೀಪದವರು ವೈಡ್‌ಅವೇಕ್ ಎಂದು ಕರೆಯುವ ರೀವಹಕ್ಕಿಗಳು ಸಾವಿರ ಸಾವಿರ ಸಂಖ್ಯೆಯಲ್ಲಿ ಓಡುದಾರಿಯ ತುದಿಯಲ್ಲೇ ಮೊಟ್ಟೆಯಿಡುತ್ತಿದ್ದವು. ವಿಮಾನ ಏಳುವಾಗ ಹಿಂಡು ಹಿಂಡಾಗಿ ಮೇಲೇಳುತ್ತಿದ್ದವು. ಹೊಗೆ ಹಾಕಿದರು, ಸಿಡಿಮದ್ದು ಸಿಡಿಸಿದರು, ಅವು ಜಗ್ಗಲಿಲ್ಲ. ಕೊನೆಗೆ ನ್ಯೂಯಾರ್ಕಿನ ವಸ್ತುಸಂಗ್ರಹಾಲಯದ ಜೇಮ್ಸ್ ಚಾಪಿನ್ ಎಂಬ ಪಕ್ಷಿತಜ್ಞನನ್ನು ಕರೆಸಬೇಕಾಯಿತು. ಅಲ್ಲಿನ ಮೊಟ್ಟೆಗಳನ್ನು ಒಡೆದುಹಾಕಿ, ತಾವಾಗಿ ಬೇರೆ ಕಡೆ ಹೋಗುತ್ತವೆ ಎಂದ ಅವನು. ಹಾಗೆಯೇ ಆಯಿತು. ಹಕ್ಕಿಗಳು ಜಾಗ ಬಿಟ್ಟವು. ನಿಲ್ದಾಣಕ್ಕೆ ಮಾತ್ರ ಅವುಗಳ ಹೆಸರೇ ಉಳಿಯಿತು.

ಮೂರು ಕಿಲೋಮೀಟರ್ ಉದ್ದದ ಈ ಓಡುದಾರಿಯನ್ನು ನಂಬಿಕೊಂಡು ಬ್ರಿಟನ್ನಿನ ವಾಯುಪಡೆ ಫಾಕ್‌ಲ್ಯಾಂಡ್ ದ್ವೀಪಗಳಿಗೆ ವಿಮಾನ ನಡೆಸುತ್ತಿತ್ತು. ಅದರಲ್ಲಿ ಜಾಗವಿದ್ದರೆ ಅಸೆನ್ಷನ್‌ನವರೂ ಹತ್ತಿ ನೇರ ಇಂಗ್ಲೆಂಡಿಗೆ ಹೋಗಬಹುದಿತ್ತು, ಸುಮಾರು 6,800 ಕಿಲೋಮೀಟರ್. 2017ರಲ್ಲಿ ಓಡುದಾರಿ ಹದಗೆಟ್ಟಿದೆ ಎಂದು ದೊಡ್ಡ ವಿಮಾನಗಳು ನಿಂತವು. ಹಗುರ ಎಂಬ್ರೇಯರಿಗೆ ಮಾತ್ರ ಅಡ್ಡಿಯಿರಲಿಲ್ಲ. ಆಮೇಲಿನ ವರ್ಷಗಳಲ್ಲಿ ಅಲ್ಲಿನ ಸಾಮಾನ್ಯ ಪ್ರಯಾಣಿಕ ಉತ್ತರದಲ್ಲಿರುವ ಲಂಡನ್ನಿಗೆ ಹೋಗಬೇಕಾದರೆ ಮೊದಲು ಆಗ್ನೇಯಕ್ಕೆ 1,300 ಕಿಲೋಮೀಟರ್ ಬಂದು ಸೇಂಟ್ ಹೆಲೆನಾ ಮುಟ್ಟಬೇಕು, ಅಲ್ಲಿಂದ 3,700 ಕಿಲೋಮೀಟರ್ ಜೊಹಾನ್ಸ್‌ಬರ್ಗ್, ಅಲ್ಲಿಂದ ಒಂಬತ್ತು ಸಾವಿರ ಕಿಲೋಮೀಟರ್ ಲಂಡನ್. ಒಟ್ಟು ಹದಿನಾಲ್ಕು ಸಾವಿರ. ನಕ್ಷೆಯ ಮೇಲೆ ಅಳತೆಪಟ್ಟಿ ಇಟ್ಟು ನೋಡುವವನಿಗೆ ಇದು ಹೊಳೆಯುವುದೇ ಇಲ್ಲ. ದುರಸ್ತಿ ಮುಗಿದು ಆ ವಿಮಾನಗಳು ಮತ್ತೆ ಬರಲು 2023 ಆಗಬೇಕಾಯಿತು.

ಇನ್ನು ಉಳಿದದ್ದು ನಾನು ಮೊದಲು ಹೇಳಿದ ಎರಡು ಗಂಟೆ. ಈ ವಿಮಾನ ಇರುವುದು ತಿಂಗಳಿಗೆ ಒಂದು ಸಲ. ಶನಿವಾರ ಆಫ್ರಿಕಾದಿಂದ ಬಂದ ವಿಮಾನ ಸೇಂಟ್ ಹೆಲೆನಾದಲ್ಲಿ ಇಳಿದು, ಅಸೆನ್ಷನ್‌ಗೆ ಹೋಗಿ, ರಾತ್ರಿ ಅಲ್ಲೇ ತಂಗಿ, ಭಾನುವಾರ ಮರಳುತ್ತದೆ. ಹತ್ತುವವರಿಗೆ ಅಸೆನ್ಷನ್ ಆಡಳಿತದ ಅನುಮತಿ ಮೊದಲೇ ಕೈಯಲ್ಲಿರಬೇಕು. ಅಲ್ಲಿ ಕೆಲಸಕ್ಕಿರುವ ಮಗನನ್ನು ನೋಡಲು ಸೇಂಟ್ ಹೆಲೆನಾದ ತಾಯಿಯೊಬ್ಬಳು ಹೊರಟಳು ಎನ್ನೋಣ. ಊಟ ಮಾಡಿ ಹತ್ತಿದವಳು ಸಂಜೆಯ ಚಹಾಕ್ಕೆ ಮಗನ ಮನೆಯಲ್ಲಿರುತ್ತಾಳೆ. ಮರುದಿನವೇ ವಾಪಸು ಹೊರಡಬೇಕು. ಒಂದು ದಿನ ಇರಮ್ಮ ಎಂದು ಮಗ ಹೇಳಿದನೋ, ಅವಳು ಹೂಂ ಎಂದಳೋ, ಊರಿಗೆ ಮುಂದಿನ ವಿಮಾನ ಬರುವುದು ಬರುವ ತಿಂಗಳು. ಆ ಬರುವ ತಿಂಗಳ ಶನಿವಾರ ಸೇಂಟ್ ಹೆಲೆನಾದ ಬಯಲಿಗೆ ಮಂಜು ಇಳಿದಿದ್ದರೆ, ಆಫ್ರಿಕಾದಿಂದ ಹೊರಟ ವಿಮಾನ ಅರ್ಧ ದಾರಿಯಿಂದ ವಾಲ್ವಿಸ್ ಬೇಗೆ ತಿರುಗಿಕೊಳ್ಳುತ್ತದೆ. ಅವಳ ಭಾನುವಾರವೂ ಮುಂದಕ್ಕೆ ಹೋಗುತ್ತದೆ.